ಜೀನ್‌ನ ಪ್ರೋಟೀನ್ ಭಾಗ ಸರಿ ಇದ್ರೂ ಸ್ನಾಯು ಕಾಯಿಲೆ ಹೇಗೆ ಬರುತ್ತೆ? (ಮಯೋಟೋನಿಕ್ ಡಿಸ್ಟ್ರೊಫಿ)

ಮಂಜು_ಅರಸೀಕೆರೆ
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ಮಗನಿಗೆ (31 ವರ್ಷ) ಮಯೋಟೋನಿಕ್ ಡಿಸ್ಟ್ರೊಫಿ ಟೈಪ್ 1 ಅಂತ ರಿಪೋರ್ಟ್ ಬಂದಿದೆ. ಬೈಕಲ್ಲಿ ಕ್ಲಚ್ ಹಿಡಿದ ಅಂದ್ರೆ ಬೆರಳು ಬಿಚ್ಚೋದಕ್ಕೇ ಹೊತ್ತು ಬೇಕು, ಸಿಗ್ನಲ್ ಬಿಟ್ಟ ಮೇಲೆ ಹಿಂದಿನವರೆಲ್ಲ ಹಾರ್ನ್ ಹೊಡೀತಾ ಇರ್ತಾರೆ ಇವನು ಎಡಗೈ ನೋಡ್ಕೊಂಡು ಕೂತಿರ್ತಾನೆ. ಮೊದಲು ಒಂದು ಕಡೆ ದುಡ್ಡು ಸುರಿದು ಎಕ್ಸೋಮ್ ಅನ್ನೋ ಜೀನ್ ಟೆಸ್ಟ್ ಮಾಡಿಸಿದ್ವಿ, ಏನೂ ಇಲ್ಲ ಅಂತ ಬಂತು. ಆಮೇಲೆ ಬೇರೆ ಡಾಕ್ಟರ್ ಇವನ ಕೈ ಕುಲುಕಿ, ಹೆಬ್ಬೆರಳ ಬುಡಕ್ಕೆ ಸಣ್ಣ ಸುತ್ತಿಗೇಲಿ ತಟ್ಟಿ ನೋಡಿ ಬೇರೆ ಟೆಸ್ಟ್ ಬರೆದ್ರು, ಅದ್ರಲ್ಲಿ ಸಿಕ್ತು.

ನನ್ನ ತಲೆ ಕೆಟ್ಟಿರೋದು ಇದಕ್ಕೆ. ರಿಪೋರ್ಟಲ್ಲಿ ಡಿಎಂಪಿಕೆ ಅನ್ನೋ ಜೀನ್‌ನಲ್ಲಿ ಸಿಟಿಜಿ ಅನ್ನೋ ಮೂರಕ್ಷರ 400ಕ್ಕಿಂತ ಜಾಸ್ತಿ ಸಲ ರಿಪೀಟ್ ಆಗಿದೆ ಅಂತಿದೆ, ಆದ್ರೆ ಆ ಜಾಗ ಪ್ರೋಟೀನ್ ಮಾಡೋ ಭಾಗವೇ ಅಲ್ವಂತೆ. ಪ್ರೋಟೀನಿನ ಅಕ್ಷರ ಒಂದೂ ತಪ್ಪಿಲ್ಲ ಅಂದ್ರೆ ಕಾಯಿಲೆ ಎಲ್ಲಿಂದ ಬಂತು? ಡಾಕ್ಟರ್ "ಆರ್‌ಎನ್‌ಎನೇ ವಿಷ ಆಗುತ್ತೆ" ಅಂದ್ರು, ಹೊರಗಡೆ ಐವತ್ತು ಜನ ಕಾಯ್ತಿದ್ರು, ಅಷ್ಟಕ್ಕೇ ಬಂದ್ವಿ. ಮನೇಲಿ ಅಂತೂ ಹಿರಿಯರು "ಸಂಬಂಧದಲ್ಲಿ ಮದುವೆ ಮಾಡಿದ್ದಕ್ಕೇ ಹೀಗೆ" ಅಂತ ಚಿಕ್ಕಮ್ಮನ್ನ ಹಿಡ್ಕೊಂಡಿದ್ದಾರೆ. ಗೊತ್ತಿರೋರು ಹೇಳಿ ಪ್ಲೀಸ್.

ರಾಘು_ಲೆಕ್ಕ
ಸಿಂಪಲ್. ಜೀನ್ ಹಾಳಾಯ್ತು, ಪ್ರೋಟೀನ್ ಕಮ್ಮಿ ಆಯ್ತು, ಕಾಯಿಲೆ ಬಂತು. ಅಕ್ಷರ ಸರಿ ಇದ್ರೂ ಪ್ರೊಡಕ್ಷನ್ ಕಮ್ಮಿ ಆಗಬಹುದಲ್ವಾ.

ಸುಮಾ_ಸ್ಪ್ಲೈಸ್
ರಾಘು ಅವ್ರೆ, 1992ರಲ್ಲಿ ಈ ಜೀನ್ ಸಿಕ್ಕಾಗ ಎಲ್ಲರೂ ಮೊದಲು ನೀವಂದಂಗೇ ಅಂದ್ಕೊಂಡಿದ್ದು. ಆಮೇಲೆ ಇಲಿಗಳಲ್ಲಿ ಡಿಎಂಪಿಕೆ ಜೀನನ್ನೇ ಪೂರ್ತಿ ತೆಗೆದು ನೋಡಿದ್ರು, ಇಲಿಗೆ ವಯಸ್ಸಾದ ಮೇಲೆ ಸ್ವಲ್ಪ ಸ್ನಾಯು ತೊಂದ್ರೆ ಬಂತು ಅಷ್ಟೆ, ಈ ಕಾಯಿಲೆ ಬರ್ಲಿಲ್ಲ. ಅಲ್ಲಿಗೆ ಆ ಕಥೆಗೆ ಪೆಟ್ಟು ಬಿತ್ತು.

ಮಂಜು, ನಿಮ್ಮ ಪ್ರಶ್ನೆ ಸರಿಯಾಗಿದೆ. ಡಿಎನ್‌ಎ ನೋಡ್ಕೊಂಡು ಜೀವಕೋಶ ಆರ್‌ಎನ್‌ಎ ಅನ್ನೋ ನಕಲು ತೆಗೆಯುತ್ತಲ್ಲ, ಆ ನಕಲಿನ ಬಾಲದಲ್ಲಿ ಈ ರಿಪೀಟ್ ಇರುತ್ತೆ (ಡಿಎನ್‌ಎನಲ್ಲಿ ಸಿಟಿಜಿ, ಆರ್‌ಎನ್‌ಎಗೆ ಬಂದಾಗ ಸಿಯುಜಿ). ನಾರ್ಮಲ್ ಜನಕ್ಕೆ 5ರಿಂದ 37 ಸಲ. 50 ದಾಟಿದ್ರೆ ಕಾಯಿಲೆ. ನೂರಾರು ಸಿಯುಜಿ ಸಾಲಾಗಿ ಇದ್ದಾಗ ಆ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚ್ಕೊಂಡು ಹೇರ್‌ಪಿನ್ ಆಕಾರಕ್ಕೆ ಬರುತ್ತೆ, ನ್ಯೂಕ್ಲಿಯಸ್‌ನಿಂದ ಹೊರಗೆ ಹೋಗೋದೇ ಇಲ್ಲ, ಅಲ್ಲೇ ಚುಕ್ಕೆ ಚುಕ್ಕೆಯಾಗಿ ಗುಂಪು ಕಟ್ಟುತ್ತೆ. ಫ್ಲೋರೊಸೆಂಟ್ ಪ್ರೋಬ್ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಆ ಚುಕ್ಕೆಗಳು ಕಣ್ಣಿಗೇ ಕಾಣ್ತವೆ, ನಾನೇ ಲ್ಯಾಬಲ್ಲಿ ನೋಡಿದೀನಿ, ಕಪ್ಪು ಹಿನ್ನೆಲೆ, ನೀಲಿ ನ್ಯೂಕ್ಲಿಯಸ್, ಒಳಗೆ ಕೆಂಪು ಚುಕ್ಕೆ.

ಇನ್ನು ವಿಷ ಅಂದಿದ್ದು ಯಾಕೆ ಅಂದ್ರೆ, ಮಸಲ್‌ಬ್ಲೈಂಡ್ (ಎಂಬಿಎನ್‌ಎಲ್1) ಅಂತ ಒಂದು ಪ್ರೋಟೀನ್ ಇದೆ, ಅದಕ್ಕೆ ಈ ಸಿಯುಜಿ ಸಾಲು ಅಂದ್ರೆ ಹಲಸಿನ ಮೇಣ, ಹೋಗಿ ಅಂಟ್ಕೊಂಡುಬಿಡುತ್ತೆ, ತನ್ನ ಅಸಲಿ ಕೆಲಸಕ್ಕೆ ಸಿಗೋದೇ ಇಲ್ಲ. ಅಸಲಿ ಕೆಲಸ ಏನು ಅಂದ್ರೆ ಬೇರೆ ನೂರಾರು ಜೀನ್‌ಗಳ ಆರ್‌ಎನ್‌ಎನ ಕತ್ತರಿಸಿ ಜೋಡಿಸೋದಕ್ಕೆ, ಅಂದ್ರೆ ಸ್ಪ್ಲೈಸಿಂಗ್‌ಗೆ ದಾರಿ ತೋರಿಸೋದು. ಮಗು ಹೊಟ್ಟೇಲಿ ಇದ್ದಾಗ ಒಂದು ತರ ಜೋಡಣೆ, ಹುಟ್ಟಿದ ಮೇಲೆ ದೊಡ್ಡವರ ತರ ಜೋಡಣೆ, ಆ ಬದಲಾವಣೆ ಮಾಡ್ಸೋದೇ ಇದು. ಇದು ಇಲ್ಲ ಅಂದ್ರೆ 31 ವರ್ಷದ ಸ್ನಾಯುವಿನಲ್ಲಿ ಭ್ರೂಣದ ಮಾದರಿ ಪ್ರೋಟೀನ್ ತಯಾರಾಗ್ತಾ ಇರುತ್ತೆ. ಅಂದ್ರೆ ಡಿಎಂಪಿಕೆ ಪ್ರೋಟೀನಿಗೆ ಏನಾಯ್ತು ಅನ್ನೋದು ಇಲ್ಲಿ ಮುಖ್ಯ ವಿಷಯವೇ ಅಲ್ಲ, ಅದರ ಆರ್‌ಎನ್‌ಎ ಬೇರೆ ಜೀನ್‌ಗಳ ಕೆಲಸ ಕೆಡಿಸ್ತಿದೆ.

ಮಂಜು_ಅರಸೀಕೆರೆ
ಓಹೋ. ಹಂಗಾದ್ರೆ ಕೈ ಬಿಡೋಕಾಗದೆ ಇರೋದು?

ಸುಮಾ_ಸ್ಪ್ಲೈಸ್
ಅದು ಸಿಎಲ್‌ಸಿಎನ್1 ಅನ್ನೋ ಜೀನ್. ಸ್ನಾಯುವಿನ ಕ್ಲೋರೈಡ್ ಚಾನೆಲ್, ಅಂದ್ರೆ ಕ್ಲೋರೈಡ್ ಒಳಗೆ ಹೊರಗೆ ಹೋಗೋ ಬಾಗಿಲು. ಸ್ನಾಯು ಸಂಕುಚಿಸಿದ ಮೇಲೆ ಸುಮ್ಮನಾಗೋಕೆ ಈ ಚಾನೆಲ್ ಬೇಕು. ಜೋಡಣೆ ತಪ್ಪಿದಾಗ ಬೇಡದ ಒಂದು ತುಂಡು ಒಳಗೆ ಸೇರ್ಕೊಂಡು ಮಧ್ಯದಲ್ಲೇ "ನಿಲ್ಲಿಸು" ಅನ್ನೋ ಸಂಕೇತ ಬಂದ್ಬಿಡುತ್ತೆ, ಚಾನೆಲ್ ತಯಾರಾಗಲ್ಲ. ನೀವು ಬಿಡು ಅಂದ್ರೂ ಸ್ನಾಯು ಫೈರ್ ಆಗ್ತಾನೇ ಇರುತ್ತೆ. ಅದೇ ಮಯೋಟೋನಿಯಾ. ಇನ್ಸುಲಿನ್ ರಿಸೆಪ್ಟರ್‌ದು ತಪ್ಪಿದ್ರೆ ಶುಗರ್ ಕಡೆ ತೊಂದ್ರೆ, ಬಿಐಎನ್1 ತಪ್ಪಿದ್ರೆ ಸ್ನಾಯು ಬಲಹೀನತೆ, ಹೃದಯದ ಎಸ್‌ಸಿಎನ್5ಎ ತಪ್ಪಿದ್ರೆ ಬಡಿತದ ಲಯ. ಒಂದೇ ಕಾಯಿಲೆ ಕಣ್ಣು, ಹೃದಯ, ಕರುಳು, ನಿದ್ದೆ ಎಲ್ಲದಕ್ಕೂ ಕೈ ಹಾಕೋದು ಇದಕ್ಕೇನೆ.

ಗೋಕಾಕ_ಬಸು
ಇದು ನಮ್ಮ ಮನಿ ಕಥಿನೇ ಐತ್ರಿ. ನಮ್ಮ ಅಜ್ಜಗ ಬರೇ ಕಣ್ಣಿನ ಪೊರಿ ಇತ್ತು, ಲಗೂನ ಬಂದಿತ್ತು, ಆದ್ರ ಎಪ್ಪತ್ತೈದರ ತನ ಹೊಲದಾಗ ದುಡದಾನ. ಅಪ್ಪಗ ನಲವತ್ತಕ್ಕ ಕೈ ಹಿಡಿಯೂದು ಚಾಲೂ ಆತು, ಹಣಿ ಮ್ಯಾಲಿನ ಕೂದಲ ಹ್ವಾದುವು, ದವಡಿ ಒಳಗ ಹ್ವಾತು. ತಮ್ಮಗ ಹೈಸ್ಕೂಲಿನ್ಯಾಗ ಇದ್ದಾಗನ ಕಾಲ ಎಡವೂದು. ಮೂರು ತಲಿಮಾರು, ಒಂದಕ್ಕಿಂತ ಒಂದು ಜೋರು. ಊರಾಗ ಶಾಪ ಐತಿ ಅಂತ ಎಷ್ಟು ಮಂದಿ ಅಂದಾರ, ಎಷ್ಟು ಗುಡಿ ಸುತ್ತೇವಿ, ನೆನಸಿದ್ರ ಸಿಟ್ಟ ಬರ್ತೈತಿ.

ಡ್ಯೂಟಿ_ಡಾಕ್ಟರ್
ಬಸು ಅವರೇ, ನೀವು ಬರೆದಿರೋದು ಪಠ್ಯಪುಸ್ತಕದಲ್ಲಿ ಇರೋ ಹಾಗೇ ಇದೆ. ಇದಕ್ಕೆ ಆಂಟಿಸಿಪೇಶನ್ ಅಂತಾರೆ. ತಲೆಮಾರಿನಿಂದ ತಲೆಮಾರಿಗೆ ದಾಟುವಾಗ ಆ ಸಿಟಿಜಿ ಸಾಲು ಉದ್ದ ಆಗುತ್ತೆ, ಹಾಗಾಗಿ ಬೇಗ ಶುರು, ಜೋರು. 1918ರಲ್ಲೇ ಜರ್ಮನಿಯ ಕಣ್ಣಿನ ಡಾಕ್ಟರ್ ಫ್ಲೈಶರ್ ಇಂಥ ಮನೆತನಗಳ ಹಿರಿಯರಲ್ಲಿ ಬರೀ ಪೊರೆ ಇರೋದನ್ನ ಗಮನಿಸಿದ್ರು. ಆಮೇಲೆ 1948ರಲ್ಲಿ ಪೆನ್‌ರೋಸ್ ಅನ್ನೋ ದೊಡ್ಡ ಜೆನೆಟಿಸಿಸ್ಟ್ "ಇದೆಲ್ಲ ಭ್ರಮೆ, ಜೋರಾಗಿರೋ ಮಕ್ಕಳನ್ನ ಹುಡುಕಿ ಆಮೇಲೆ ಅಪ್ಪ ಅಮ್ಮನ್ನ ನೋಡೋದ್ರಿಂದ ಹಾಗೆ ಕಾಣುತ್ತೆ" ಅಂತ ಬರೆದು ನಾಲ್ಕು ದಶಕ ಎಲ್ಲರ ಬಾಯಿ ಮುಚ್ಚಿಸಿದ್ರು. 1992ರಲ್ಲಿ ರಿಪೀಟ್ ಸಿಕ್ಕ ಮೇಲೆ ಫ್ಲೈಶರ್ ನೋಡಿದ್ದೇ ಸರಿ ಅಂತ ಆಯ್ತು.

ರಾಘು_ಲೆಕ್ಕ
ಪೆನ್‌ರೋಸ್ ಹೇಳಿದ್ದು ಲೆಕ್ಕದ ಪ್ರಕಾರ ತಪ್ಪಲ್ಲ ಬಿಡಿ, ಆ ಪಕ್ಷಪಾತ ನಿಜವಾಗ್ಲೂ ಇರುತ್ತೆ. ಆಗ ಡಿಎನ್‌ಎ ರಚನೆನೇ ಗೊತ್ತಿರ್ಲಿಲ್ಲ, ಅವರು ಇನ್ನೇನು ಹೇಳಬೇಕಿತ್ತು?

ಗೋಕಾಕ_ಬಸು
ಪಕ್ಷಪಾತ ಅಂತ ನಮ್ಮ ತಮ್ಮಗ ಬಂದು ಹೇಳ್ರಿ ಸರ.

ಡ್ಯೂಟಿ_ಡಾಕ್ಟರ್
ಜಗಳ ಬೇಡ ಇಬ್ರೂ 🙂

ಮಂಜು, ಎಕ್ಸೋಮ್ ವಿಷಯ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ಸಾಮಾನ್ಯ ಎಕ್ಸೋಮ್ ಟೆಸ್ಟ್ ಡಿಎನ್‌ಎನ ಸಣ್ಣ ಸಣ್ಣ ತುಂಡಾಗಿ ಓದುತ್ತೆ, ಅದೂ ಮುಖ್ಯವಾಗಿ ಪ್ರೋಟೀನ್ ಕೋಡ್ ಮಾಡೋ ಜಾಗ. ಈ ರಿಪೀಟ್ ಇರೋದು ಆ ಜಾಗದ ಹೊರಗೆ, ಮತ್ತೆ ತುಂಡಿಗಿಂತ ಉದ್ದ. ಸಿಗೋದೇ ಇಲ್ಲ. ಇದಕ್ಕೆ ರಿಪೀಟನ್ನೇ ಹುಡುಕೋ ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್ ಅನ್ನೋ ಟೆಸ್ಟ್ ಬೇಕು, ಉದ್ದ ಎಷ್ಟು ಅಂತ ಬೇಕಾದ್ರೆ ಸದರ್ನ್ ಬ್ಲಾಟ್ ಅನ್ನೋ ಇನ್ನೊಂದು ಟೆಸ್ಟ್. ಅಂದ್ರೆ ಡಾಕ್ಟರ್‌ಗೆ ಮೊದಲು ಅನುಮಾನ ಬಂದು ಹೆಸರು ಬರೆದು ಕಳಿಸಿದ್ರೆ ಮಾತ್ರ ಗೊತ್ತಾಗುತ್ತೆ. "ಎಕ್ಸೋಮ್ ನೆಗೆಟಿವ್, ಹಾಗಾಗಿ ಜೆನೆಟಿಕ್ ಅಲ್ಲ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕೈ ಕುಲುಕೋದಕ್ಕೆ ದುಡ್ಡು ಖರ್ಚಿಲ್ಲ, ಅದನ್ನೇ ಯಾರೂ ಮಾಡಲ್ಲ.

ಇನ್ನೊಂದು, ಸಂಬಂಧದ ಮದುವೆ. ಇದು ಡಾಮಿನೆಂಟ್ ಕಾಯಿಲೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಚಾನ್ಸ್. ಅವರು ಸೋದರಮಾವನ್ನ ಮದುವೆಯಾಗಿದ್ರೂ ಅಷ್ಟೆ, ದೆಹಲಿಯವರನ್ನ ಆಗಿದ್ರೂ ಅಷ್ಟೆ. ಚಿಕ್ಕಮ್ಮನ್ನ ಬಿಟ್ಟುಬಿಡಿ ಅಂತ ಮನೇಲಿ ಹೇಳಿ.

ಮಂಜು_ಅರಸೀಕೆರೆ
ಇದನ್ನ ಸ್ಕ್ರೀನ್‌ಶಾಟ್ ತಗೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿದೀನಿ ಸರ್. ಇಬ್ಬರು ಗ್ರೂಪ್ ಬಿಟ್ಟು ಹೋದ್ರು 😂

ಚನ್ನಪಟ್ಟಣ_ಗೊಂಬೆ
ನಮ್ಮ ಅಕ್ಕನ ಮಗನಿಗೆ ಡುಶೆನ್ ಅನ್ನೋ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ. ಅದೂ ಹಿಂಗೇನಾ? ಆರ್‌ಎನ್‌ಎ ಪ್ರಾಬ್ಲಮ್ಮಾ?

ಸುಮಾ_ಸ್ಪ್ಲೈಸ್
ಅಲ್ಲ, ಡುಶೆನ್‌ನಲ್ಲಿ ಡಿಸ್ಟ್ರೊಫಿನ್ ಅನ್ನೋ ಪ್ರೋಟೀನೇ ಇರಲ್ಲ, ಜೀನ್‌ನ ತುಂಡು ಬಿಟ್ಟುಹೋಗಿರೋದು ಜಾಸ್ತಿ ಜನಕ್ಕೆ. ಎಕ್ಸ್ ಕ್ರೋಮೋಸೋಮ್‌ದು, ಅದಕ್ಕೇ ಹುಡುಗರಿಗೆ. ಇದು 19ನೇ ಕ್ರೋಮೋಸೋಮ್, ಗಂಡು ಹೆಣ್ಣು ಇಬ್ಬರಿಗೂ ಬರುತ್ತೆ. ಹೆಸರಲ್ಲಿ ಡಿಸ್ಟ್ರೊಫಿ ಇದೆ ಅಂತ ಒಂದರ ಔಷಧಿ ಇನ್ನೊಂದಕ್ಕೆ ಆಗಲ್ಲ.

ಕುಡ್ಲ_ಫಿಸಿಯೋ
ಗೊಂಬೆಯವ್ರೆ, ಡುಶೆನ್‌ಗೆ ಬೇರೆ ಥ್ರೆಡ್ ಉಂಟು, ಸ್ಟಿರಾಯ್ಡ್ ವಿಷಯ ಎಲ್ಲ ಅಲ್ಲಿ ಚಂದ ಬರ್ದಿದ್ದಾರೆ, ನೋಡಿ.

ಇಲ್ಲಿ ಮಂಜು ಅವ್ರಿಗೆ ಒಂದು ಮಾತು ಮಾರಾಯ್ರೆ. ನಿಮ್ಮ ತಮ್ಮನಿಗೆ ಕೈಯನ್ನು ನಾಲ್ಕೈದು ಸಲ ಮುಚ್ಚಿ ತೆರೆದು ಆಮೇಲೆ ಬೈಕ್ ಹತ್ಲಿಕ್ಕೆ ಹೇಳಿ. ಮೊದಲನೇ ಸಲ ಬೆರಳು ಹಿಡ್ಕೊಳ್ತದೆ, ಐದನೇ ಸಲಕ್ಕೆ ಸಲೀಸು. ವಾರ್ಮಪ್ ಅಂತ ಹೇಳುದು. ನಿಜ ಹೇಳ್ಬೇಕಂದ್ರೆ ಗೇರ್‌ಲೆಸ್ ಸ್ಕೂಟರ್ ಒಳ್ಳೇದು. ಮತ್ತೆ ಇದರಲ್ಲಿ ಮೊದಲು ಸೋಲುದು ಸೊಂಟ ತೊಡೆ ಅಲ್ಲ, ಬೆರಳು, ಮುಂಗೈ, ಪಾದ. ಪಾದ ಎತ್ಲಿಕ್ಕೆ ಆಗದೆ ಎಡವಿ ಬೀಳ್ತಾರೆ, ಅದಕ್ಕೆ ಎಎಫ್‌ಒ ಸ್ಪ್ಲಿಂಟ್ (ಪಾದ, ಹಿಮ್ಮಡಿಗೆ ಆಸರೆ ಕೊಡುವ ಪಟ್ಟಿ) ಹಾಕಿದ್ರೆ ಎಷ್ಟೋ ವಾಸಿ. ವ್ಯಾಯಾಮ ಮಾಡಿದ್ರೆ ಸ್ನಾಯು ಸವೀತದೆ ಅಂತ ಕೆಲವರು ಹೆದರಿಸ್ತಾರೆ, ಹಾಗೇನಿಲ್ಲ. ಯುರೋಪಿನಲ್ಲಿ 255 ಜನರ ಮೇಲೆ ಆಪ್ಟಿಮಿಸ್ಟಿಕ್ ಅಂತ ಟ್ರಯಲ್ ಆಗಿ 2018ರಲ್ಲಿ ಬಂತು, ಕೌನ್ಸೆಲಿಂಗ್ ಥೆರಪಿ ಕೊಟ್ಟು, ಕೆಲವರಿಗೆ ವ್ಯಾಯಾಮವೂ ಸೇರಿಸಿ, ದಿನದ ಚಟುವಟಿಕೆ ಜಾಸ್ತಿ ಆದದ್ದು ಕಂಡ್ರು. ಹಾಗಂತ ಜಿಮ್ಮಿಗೆ ಹೋಗಿ ಐವತ್ತು ಕೇಜಿ ಎತ್ತುದು ಬೇಡ.

ವಾಣಿ_ಮೈಸೂರು
ನಾನು ಪೇಶೆಂಟ್. ಇಷ್ಟು ದಿನ ಓದ್ತಾ ಮಾತ್ರ ಇದ್ದೆ. ಎಲ್ಲರೂ ಕೈ ಕಾಲಿನ ಬಗ್ಗೆ ಮಾತಾಡ್ತಿದೀರ, ನನಗೆ ಎಲ್ಲಕ್ಕಿಂತ ಕಾಡಿದ್ದು ನಿದ್ದೆ. ರಾತ್ರಿ ಒಂಬತ್ತು ಗಂಟೆ ಮಲಗಿದ್ರೂ ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಅತ್ತೆ ಮನೇಲಿ ಸೋಮಾರಿ ಅಂತ ಹೆಸರು ಬಂದಿತ್ತು, ನಾನೂ ಹಾಗೇ ನಂಬ್ಕೊಂಡಿದ್ದೆ. ಮುಖದ ಸ್ನಾಯು ಸೋತಿರೋದ್ರಿಂದ ನಗು ಬಂದ್ರೂ ಮುಖದಲ್ಲಿ ಕಾಣಲ್ಲ, "ಯಾವಾಗ್ಲೂ ಮುಖ ಗಂಟು ಹಾಕ್ಕೊಂಡಿರ್ತಾಳೆ" ಅಂತ. ಮದುವೆ ಫೋಟೋಗಳಲ್ಲಿ ನಾನು ನಗ್ತಾ ಇರೋದು, ನೋಡಿದ್ರೆ ಯಾರೂ ನಂಬಲ್ಲ.

ನನಗೆ ಗೊತ್ತಾಗಿದ್ದು ಮಗಳು ಹುಟ್ಟಿದ ಮೇಲೆ. ಮಗು ಮೆತ್ತಗೆ, ಅಳು ಇಲ್ಲ, ಹಾಲು ಚೀಪೋಕೆ ಆಗ್ತಿಲ್ಲ, ಪಾದ ಒಳಕ್ಕೆ ತಿರುಗಿದೆ. ಮಕ್ಕಳ ಡಾಕ್ಟರ್ ಮಗುನ ನೋಡಿದವರು ಸೀದಾ ನನ್ನ ಹತ್ರ ಬಂದು "ಕೈ ಕೊಡಿಮ್ಮ" ಅಂತ ಕುಲುಕಿ "ಈಗ ಬಿಡಿ" ಅಂದ್ರು. ನಾನು ಬಿಡೋಕೆ ಹೊತ್ತಾಯ್ತು. ಅವರು ನಮ್ಮ ಯಜಮಾನ್ರ ಮುಖ ನೋಡಿದ್ರು.

ಡ್ಯೂಟಿ_ಡಾಕ್ಟರ್
ವಾಣಿ ಮೇಡಂ, ಬರೆದಿದ್ದು ಒಳ್ಳೇದಾಯ್ತು. ಆ ಡಾಕ್ಟರ್‌ಗೆ ನಮಸ್ಕಾರ. ಹುಟ್ಟಿನಿಂದಲೇ ಬರೋ ಈ ರೂಪದಲ್ಲಿ ರಿಪೀಟ್ ಸಾಮಾನ್ಯವಾಗಿ ಸಾವಿರ ದಾಟಿರುತ್ತೆ, ಮತ್ತೆ ಬಹುಪಾಲು ತಾಯಿ ಕಡೆಯಿಂದ ಬರುತ್ತೆ. ಎಷ್ಟೋ ತಾಯಂದಿರಿಗೆ ತಮಗಿದೆ ಅಂತ ಗೊತ್ತಾಗೋದೇ ಹೀಗೆ. ಮುಂದಿನ ಮಗು ಬೇಕು ಅನ್ನೋರು ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ರ ಹೋಗಿ, ಗರ್ಭದ ಮೊದಲ ಮೂರು ತಿಂಗಳಲ್ಲೇ ಟೆಸ್ಟ್ ಮಾಡೋದಕ್ಕೆ ಬರುತ್ತೆ, ಐವಿಎಫ್‌ನಲ್ಲಿ ಭ್ರೂಣ ನೋಡಿ ಆರಿಸೋದೂ ಇದೆ.

ನಿದ್ದೆ ಮೆದುಳಿಂದಲೂ ಬರಬಹುದು, ರಾತ್ರಿ ಉಸಿರಾಟ ಸಾಲದೆಯೂ ಬರಬಹುದು. ಸ್ಲೀಪ್ ಸ್ಟಡಿ ಮಾಡಿಸಿದೀರಾ?

ವಾಣಿ_ಮೈಸೂರು
ಮಾಡಿಸಿದೆ ಸರ್, ಈಗ ರಾತ್ರಿ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಾಟಕ್ಕೆ ಸಹಾಯ ಮಾಡೋ ಮಷೀನ್) ಹಾಕ್ಕೋತೀನಿ. ಮಗಳಿಗೆ ಈಗ ಎಂಟು ವರ್ಷ, ಸ್ಕೂಲಿಗೆ ಹೋಗ್ತಾಳೆ, ನಿಧಾನ ಕಲೀತಾಳೆ, ಬಾಯಿ ಮಾತ್ರ ಜೋರು.

ಜೈ_ಆರೋಗ್ಯ
ಯಾರೂ ಚಿಂತೆ ಮಾಡಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಎಲ್ಲಾ ಮಸ್ಕ್ಯುಲರ್ ಡಿಸ್ಟ್ರೊಫಿ 100% ಗುಣ. ನನ್ನ ಪರಿಚಯದವರು ಮೂರು ಡೋಸ್ ತಗೊಂಡು ಓಡಾಡ್ತಿದ್ದಾರೆ. ವಿವರಕ್ಕೆ ಇನ್‌ಬಾಕ್ಸ್ ಮಾಡಿ.

ಡ್ಯೂಟಿ_ಡಾಕ್ಟರ್
ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಇಂಥ ಕಾಯಿಲೆಗೆ ಟ್ರಯಲ್ ಬಿಟ್ಟು ಹೊರಗಡೆ ದುಡ್ಡು ತಗೊಂಡು ಸ್ಟೆಮ್ ಸೆಲ್ ಕೊಡೋ ಹಾಗೇ ಇಲ್ಲ. ಅಡ್ಮಿನ್ ಎಲ್ಲಿದೀರಾ?

ಅಡ್ಮಿನ್
ಜೈ_ಆರೋಗ್ಯ ಅವರಿಗೆ ಎಚ್ಚರಿಕೆ ಕೊಟ್ಟಾಯ್ತು. ಪೋಸ್ಟ್ ಹಾಗೇ ಬಿಟ್ಟಿದೀನಿ, ಇಂಥದ್ದು ಹೆಂಗಿರುತ್ತೆ ಅಂತ ಜನಕ್ಕೆ ಗೊತ್ತಾಗಲಿ.

ರಾಘು_ಲೆಕ್ಕ
ಸುಮಾ ಅವ್ರೆ, ನಾನಿನ್ನೂ ಪೂರ್ತಿ ಒಪ್ಪಿಲ್ಲ. ಡಿಎಂಪಿಕೆ ತೆಗೆದ ಇಲಿಗೆ ಕಾಯಿಲೆ ಬರ್ಲಿಲ್ಲ ಸರಿ. ಅದರಿಂದ ಪ್ರೋಟೀನ್ ಕಾರಣ ಅಲ್ಲ ಅಂತ ಆಗುತ್ತೆ, ಆರ್‌ಎನ್‌ಎನೇ ಕಾರಣ ಅಂತ ಹೆಂಗಾಗುತ್ತೆ? ಪಕ್ಕದ ಜೀನ್ ಇರಬಹುದಲ್ಲ?

ಸುಮಾ_ಸ್ಪ್ಲೈಸ್
ಪಕ್ಕದ ಜೀನ್ ಅನ್ನೋ ವಾದ ನಿಜಕ್ಕೂ ಇತ್ತು. ಅದನ್ನ ಮುಗಿಸಿದ ಪ್ರಯೋಗ ನನಗೆ ತುಂಬಾ ಇಷ್ಟ. 2000ದಲ್ಲಿ ರೋಚೆಸ್ಟರ್‌ನ ಥಾರ್ನ್‌ಟನ್ ಗುಂಪು (ಪೇಪರಿನ ಮೊದಲ ಹೆಸರು ಮಂಕೋಡಿ) ಏನ್ ಮಾಡ್ತು ಅಂದ್ರೆ, ಡಿಎಂಪಿಕೆಗೆ ಸಂಬಂಧವೇ ಇಲ್ಲದ ಆಕ್ಟಿನ್ ಜೀನ್ ತಗೊಂಡು ಅದರ ಬಾಲಕ್ಕೆ ಸುಮಾರು 250 ಸಿಟಿಜಿ ಸೇರಿಸಿ ಇಲಿಗೆ ಹಾಕ್ತು. ಡಿಎಂಪಿಕೆ ಇಲ್ಲ, ಪಕ್ಕದ ಜೀನೂ ಇಲ್ಲ, ಬರೀ ರಿಪೀಟ್ ಇರೋ ಆರ್‌ಎನ್‌ಎ. ಇಲಿಗೆ ಮಯೋಟೋನಿಯಾ ಬಂತು. ಮಾರನೇ ವರ್ಷವೇ ಟೈಪ್ 2ರ ಜೀನ್ ಸಿಕ್ತು, ಅದು 3ನೇ ಕ್ರೋಮೋಸೋಮ್, ಬೇರೆಯೇ ಜೀನ್ (ಸಿಎನ್‌ಬಿಪಿ), ಅಲ್ಲಿ ಸಿಸಿಟಿಜಿ ಅನ್ನೋ ನಾಲ್ಕಕ್ಷರ ರಿಪೀಟ್, ಅದೂ ಇಂಟ್ರಾನ್‌ನಲ್ಲಿ (ಜೋಡಣೆ ಮಾಡುವಾಗ ಕತ್ತರಿಸಿ ಬಿಸಾಡೋ ಭಾಗ). ಎರಡು ಜೀನ್‌ಗೂ ಸಂಬಂಧ ಇಲ್ಲ, ಕಾಯಿಲೆ ಹೆಚ್ಚುಕಮ್ಮಿ ಒಂದೇ ತರ. ಎರಡರಲ್ಲೂ ಸಮಾನವಾಗಿ ಇರೋದು ಮಸಲ್‌ಬ್ಲೈಂಡ್ ಸಿಕ್ಕಿಹಾಕ್ಕೊಳ್ಳೋ ಆರ್‌ಎನ್‌ಎ. 2003ರಲ್ಲಿ ಫ್ಲೋರಿಡಾದ ಸ್ವಾನ್ಸನ್ ಗುಂಪು ಇಲಿಯಲ್ಲಿ ಮಸಲ್‌ಬ್ಲೈಂಡ್ ಕೆಡಿಸಿ ನೋಡಿದ್ರೆ ಮಯೋಟೋನಿಯಾನೂ ಬಂತು, ಕಣ್ಣಿಗೆ ಪೊರೆನೂ ಬಂತು. 2006ರಲ್ಲಿ ಉಲ್ಟಾ, ಆ ರಿಪೀಟ್ ಇಲಿಗೆ ವೈರಸ್ ಮೂಲಕ ಮಸಲ್‌ಬ್ಲೈಂಡ್ ಜಾಸ್ತಿ ಕೊಟ್ರು, ಮಯೋಟೋನಿಯಾ ಹೋಯ್ತು. ಇನ್ನೇನು ಬೇಕು ನಿಮಗೆ?

ರಾಘು_ಲೆಕ್ಕ
ಮಯೋಟೋನಿಯಾಗೆ ಒಪ್ಪಿದೆ. ಸ್ನಾಯು ಸವೆಯೋದಕ್ಕೆ, ಮೆದುಳಿಗೆ? 2011ರಲ್ಲಿ ರಾನಮ್ ಗುಂಪಿನವರು ರ‍್ಯಾನ್ ಟ್ರಾನ್ಸ್‌ಲೇಶನ್ ಅಂತ ತೋರಿಸಿದ್ರಲ್ಲ, ಪ್ರೋಟೀನ್ ಶುರುವಾಗೋ ಗುರುತೇ ಇಲ್ದೆ ರಿಪೀಟ್ ಸಾಲಿಂದ ವಿಚಿತ್ರ ಪ್ರೋಟೀನ್ ತಯಾರಾಗುತ್ತೆ ಅಂತ. ಅಂದ್ರೆ ಪ್ರೋಟೀನ್ ಹಿಂಬಾಗಿಲಿಂದ ವಾಪಸ್ ಬಂತು.

ಸುಮಾ_ಸ್ಪ್ಲೈಸ್
ಅದು ಇದೆ. ಸಿಇಎಲ್‌ಎಫ್1 ಅನ್ನೋ ಇನ್ನೊಂದು ಪ್ರೋಟೀನ್ ಜಾಸ್ತಿ ಆಗೋದೂ ಇದೆ. ಮಸಲ್‌ಬ್ಲೈಂಡ್ ಒಂದೇ ಎಲ್ಲಕ್ಕೂ ಕಾರಣ ಅಂತ ನಾನೂ ಹೇಳಲ್ಲ. ಆದ್ರೆ ನೀವು ಹೇಳೋ ಆ ವಿಚಿತ್ರ ಪ್ರೋಟೀನ್ ಕೂಡ ಬರೋದು ಅದೇ ಉದ್ದ ಆರ್‌ಎನ್‌ಎಯಿಂದ ತಾನೆ? ಅದನ್ನ ಕತ್ತರಿಸಿ ಹಾಕಿದ್ರೆ ಎರಡೂ ಹೋಗುತ್ತೆ. ಔಷಧಿ ಮಾಡೋರು ಹಿಡಿದಿರೋದು ಅದನ್ನೇ.

ಮಂಜು_ಅರಸೀಕೆರೆ
ಔಷಧಿ ಅಂದ್ರಿ, ಎಲ್ಲಿಗೆ ಬಂದಿದೆ ಮೇಡಂ?

ಸುಮಾ_ಸ್ಪ್ಲೈಸ್
ಕಾಯಿಲೆಯ ಬೇರಿಗೇ ಹೊಡೆಯೋ ಔಷಧಿ ಅಂತ ಒಪ್ಪಿಗೆ ಸಿಕ್ಕಿರೋದು ಇನ್ನೂ ಯಾವುದೂ ಇಲ್ಲ. ಆ ಆರ್‌ಎನ್‌ಎಗೆ ಅಂಟಿ ನಾಶ ಮಾಡೋ ಆಂಟಿಸೆನ್ಸ್ 2012ರಲ್ಲಿ ಇಲಿಯಲ್ಲಿ ಅದ್ಭುತವಾಗಿ ಕೆಲಸ ಮಾಡ್ತು, ಮನುಷ್ಯರಿಗೆ ಕೊಟ್ಟಾಗ (ಬ್ಯಾಲಿಫೋರ್ಸೆನ್) ಸ್ನಾಯುವಿನ ಒಳಗೆ ಸಾಕಷ್ಟು ತಲುಪಲೇ ಇಲ್ಲ, ಕೈಬಿಟ್ರು. ಈಗಿನವು ಸ್ನಾಯುವಿನ ಮೇಲಿರೋ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಹಿಡಿಯೋ ಆಂಟಿಬಾಡಿಗೆ ಔಷಧಿ ಕಟ್ಟಿ ಒಳಗೆ ಕಳಿಸ್ತವೆ. ಡೆಲ್-ಡೆಸಿರಾನ್ ಅನ್ನೋದು ಮೂರನೇ ಹಂತದ ಟ್ರಯಲ್‌ಗೆ ಬಂದಿದೆ. 2022ರಲ್ಲಿ ಒಬ್ಬರಿಗೆ ಗಂಭೀರ ಅಡ್ಡಪರಿಣಾಮ ಆಗಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಭಾಗಶಃ ತಡೆ ಹಾಕಿತ್ತು, 2024ರಲ್ಲಿ ತೆಗೀತು. ಆಸೆ ಇಟ್ಕೊಳ್ಳಿ, ಆದ್ರೆ ಸೈಟು ಮಾರಿ ವಿದೇಶಕ್ಕೆ ಹೋಗೋ ಪ್ಲಾನ್ ಮಾಡಬೇಡಿ.

ಗೋಕಾಕ_ಬಸು
ಸೈಟ್ ಇದ್ದವರಿಗೆ ಆ ಮಾತು ಮೇಡಂ 😄 ರಿಪೀಟ್ ನಂಬರ್ ಎಷ್ಟದ ಅಂತ ನೋಡಿ ಮುಂದ ಹೆಂಗ ಆಗ್ತೈತಿ ಹೇಳಾಕ ಬರ್ತೈತ್ಯೇನ್ರಿ? ಅಪ್ಪಂದು 350 ಬಂದೈತಿ.

ಡ್ಯೂಟಿ_ಡಾಕ್ಟರ್
ಅಂದಾಜು ಅಷ್ಟೆ. ಆ ನಂಬರ್ ರಕ್ತದ್ದು. ಈ ರಿಪೀಟ್ ಒಬ್ಬರ ದೇಹದ ಒಳಗೇ ವಯಸ್ಸಾದಂತೆ ಬೆಳೀತಾ ಹೋಗುತ್ತೆ, ಸ್ನಾಯುವಿನಲ್ಲಿ ರಕ್ತಕ್ಕಿಂತ ಎಷ್ಟೋ ಉದ್ದ ಇರುತ್ತೆ. ಹಾಗಾಗಿ 350 ಇರೋ ಇಬ್ಬರು ಒಂದೇ ತರ ಇರಬೇಕು ಅಂತಿಲ್ಲ. ನಂಬರಿಗಿಂತ ಇಸಿಜಿ ಮುಖ್ಯ ಬಸು ಅವರೇ. ಎಲ್ಲರಿಗೂ ಹೇಳ್ತಿದೀನಿ, ಇದರಲ್ಲಿ ಜೀವಕ್ಕೆ ಅಪಾಯ ಆಗೋದು ಉಸಿರಾಟದಿಂದ, ಇಲ್ಲ ಹೃದಯದ ವಿದ್ಯುತ್ ದಾರಿ ಕಟ್ಟಿಕೊಂಡು. ಎದೆನೋವು ಬರಲ್ಲ, ಸೂಚನೆ ಇಲ್ದೆ ಆಗಬಹುದು. ವರ್ಷಕ್ಕೊಂದು ಇಸಿಜಿ, ಆಗಾಗ ಹೋಲ್ಟರ್ (ಇಡೀ ದಿನ ಮೈಮೇಲೆ ಹಾಕ್ಕೊಂಡಿರೋ ಇಸಿಜಿ). ತಲೆ ಸುತ್ತಿ ಬಿದ್ರೆ "ಸುಸ್ತು" ಅಂತ ಬಿಡಬೇಡಿ. ಕೈ ಹಿಡಿಯೋದಕ್ಕೆ ಮೆಕ್ಸಿಲೆಟಿನ್ ಮಾತ್ರೆ ಇದೆ, ಆದ್ರೆ ಅದನ್ನೂ ಹೃದಯ ನೋಡದೆ ಶುರು ಮಾಡೋ ಹಾಗಿಲ್ಲ.

ಬೆಂಗಳೂರು ಹತ್ರ ಆಗೋರು ನಿಮ್ಹಾನ್ಸ್‌ನ ನ್ಯೂರೋಮಸ್ಕ್ಯುಲರ್ ವಿಭಾಗಕ್ಕೆ ತೋರಿಸಿ. 2016ರ ವಿಕಲಚೇತನರ ಕಾಯ್ದೆ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಇದೆ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ.

ವಾಣಿ_ಮೈಸೂರು
ಸರ್ ನನಗೆ ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಶನ್. ಬರೀ ಲೋಕಲ್ ಅಂತಿದ್ದಾರೆ, ಆದ್ರೂ ಹೇಳಬೇಕಾ? ಪೊರೆ ನೋಡಿ ಆ ಡಾಕ್ಟರ್ ಬೇರೆ ಸ್ಟೂಡೆಂಟ್ಸನ್ನೆಲ್ಲ ಕರೆದು ತೋರಿಸಿದ್ರು, ಬಣ್ಣಬಣ್ಣದ ಚುಕ್ಕೆ ಇದೆಯಂತೆ.

ಡ್ಯೂಟಿ_ಡಾಕ್ಟರ್
ಹೇಳಲೇಬೇಕು. ಭಯ ಹೋಗ್ಲಿ ಅಂತ ಕೊಡೋ ಸಣ್ಣ ಮಂಪರು ಇಂಜೆಕ್ಷನ್ ಕೂಡ ನಿಮಗೆ ಉಸಿರು ಕಟ್ಟಿಸಬಹುದು. ಜನರಲ್ ಅನೆಸ್ತೀಶಿಯಾ ಆದ್ರೆ ಸಕ್ಸಿನೈಲ್‌ಕೋಲಿನ್ (ಸ್ನಾಯು ಸಡಿಲಿಸೋಕೆ ಕೊಡೋ ಔಷಧಿ) ಬೇಡ ಅಂತ ಕೇಸ್ ಶೀಟಿನ ಮೇಲೆ ಕೆಂಪಲ್ಲಿ ಬರೆಸಿ, ಅದರಿಂದ ದವಡೆ, ಎದೆ ಎಲ್ಲ ಬಿಗಿಯಾಗಿಬಿಡಬಹುದು. ಬೈಪ್ಯಾಪ್ ಜೊತೇಲೇ ತಗೊಂಡು ಹೋಗಿ. ಮೊಬೈಲಿನ ಲಾಕ್ ಸ್ಕ್ರೀನಲ್ಲಿ ಕಾಯಿಲೆ ಹೆಸರು ಹಾಕ್ಕೊಳ್ಳಿ.

ಮಂಜು_ಅರಸೀಕೆರೆ
ನಮ್ಮ ಚಿಕ್ಕಪ್ಪಂಗೆ ಹೋದ ವರ್ಷ ಪೊರೆ ತೆಗೆಸಿದ್ವಿ, ಆಗಿನ್ನೂ ಐವತ್ತೆರಡು. ಅವರದ್ದೂ ಟೆಸ್ಟ್ ಮಾಡಿಸಬೇಕೇನೋ ಹಂಗಾದ್ರೆ.

ಕುಡ್ಲ_ಫಿಸಿಯೋ
ಮಾಡಿಸ್ಲೇಬೇಕು. ಈಗಲೇ ಕೈ ಮುಷ್ಟಿ ಹಿಡಿಸಿ ನೋಡಿ, ಅದಕ್ಕೇನು ಅಪಾಯಿಂಟ್‌ಮೆಂಟ್ ಬೇಡ.

ಗೋಕಾಕ_ಬಸು
ಡಾಕ್ಟ್ರ, ಅಪ್ಪನ ಇಸಿಜಿ ತೆಗಿಸ್ಕೊಂಡು ಈಗ ಬಂದ್ನಿ. ಪಿಆರ್ 248 ಅಂತ ಬರದಾರ, ಕ್ಯೂಆರ್‌ಎಸ್ 110. ಟೆಕ್ನಿಶಿಯನ್ ಏನೂ ಆಗಂಗಿಲ್ಲ ಅಂದ.

ಡ್ಯೂಟಿ_ಡಾಕ್ಟರ್
ಟೆಕ್ನಿಶಿಯನ್ ಮಾತು ಬಿಡಿ. 2008ರಲ್ಲಿ 406 ಪೇಶೆಂಟ್‌ಗಳನ್ನ ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಬಂತು, ಅದ್ರಲ್ಲಿ ಪಿಆರ್ (ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ವಿದ್ಯುತ್ ಸಂಕೇತ ತಲುಪೋ ಹೊತ್ತು, ಮಿಲಿಸೆಕೆಂಡಲ್ಲಿ) 240 ಅಥವಾ ಅದಕ್ಕಿಂತ ಜಾಸ್ತಿ ಇರೋದನ್ನ ಗಂಭೀರ ಅಂತಲೇ ಲೆಕ್ಕ ಹಾಕಿದ್ದು, ಅಂಥವರಲ್ಲಿ ಹಠಾತ್ ಸಾವಿನ ಅಪಾಯ ಜಾಸ್ತಿ ಕಂಡಿತ್ತು. ಗಾಬರಿ ಬೇಡ, ಆದ್ರೆ ಈ ವಾರವೇ ಬೆಳಗಾವಿಯಲ್ಲಿ ಹೃದಯದ ಡಾಕ್ಟರ್‌ಗೆ ತೋರಿಸಿ. ಹೋಗುವಾಗ ಜೆನೆಟಿಕ್ ರಿಪೋರ್ಟ್ ತಗೊಂಡು ಹೋಗಿ, ಬರೀ ಇಸಿಜಿ ತೋರಿಸಿದ್ರೆ "ವಯಸ್ಸಾಗಿದೆ, ಇದು ಮಾಮೂಲು" ಅಂತ ಕಳಿಸಿಬಿಡ್ತಾರೆ. ಪೇಸ್‌ಮೇಕರ್ ಬೇಕಾ ಅಂತ ಅವರನ್ನ ನೇರವಾಗಿ ಕೇಳಿ.

ಗೋಕಾಕ_ಬಸು
ಆತ್ರಿ. ನಾಳೆ ಮುಂಜಾನಿ ಬಸ್ಸಿಗೆ ಹೊಂಡತೇವಿ.